ಮಳೆಗಾಲದಲ್ಲಿ ಹಸಿ ಬೆಳ್ಳುಳ್ಳಿಯ ಸುರಕ್ಷಿತ ಸಂಗ್ರಹಣೆ ಮತ್ತು ಕೆಟ್ಟದ್ದನ್ನು ಗುರುತಿಸುವ ಕ್ರಮ

ಅಧ್ಯಯನ ಪಾಠ
ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳ ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರು, ಅಕ್ಷರ ದಾಸೋಹ ಅಡುಗೆ ಸಿಬ್ಬಂದಿ, ಸಂಜೀವಿನಿ ಸ್ವಸಹಾಯ ಸಂಘಗಳ ಸದಸ್ಯರು ಹಾಗೂ ಗೃಹಿಣಿಯರ ಉಪಯೋಗಕ್ಕಾಗಿ

ಪಾಠದ ಉದ್ದೇಶ

ನಮ್ಮ ಮೂರು ತಾಲೂಕುಗಳ ಅಡುಗೆಮನೆಗಳಲ್ಲಿ ಬೆಳ್ಳುಳ್ಳಿಯು ನಿತ್ಯ ಬಳಕೆಯ ಪದಾರ್ಥ. ಬಸಳೆಯ ಪದಾರ್ಥಕ್ಕೆ ಕೊಡುವ ಒಗ್ಗರಣೆ, ಹುರುಳಿ ಸಾರು, ಕುಚ್ಚಲಕ್ಕಿ ಗಂಜಿಯೊಡನೆ ನಂಜಿಕೊಳ್ಳುವ ಚಟ್ನಿ, ಆಟಿ ಅಮಾವಾಸ್ಯೆಯಂದು ಕುಡಿಯುವ ಹಾಲೆಮರದ ಕಷಾಯ, ಬಾಣಂತಿಯ ಊಟ ಇವೆಲ್ಲದರಲ್ಲಿಯೂ ಅದಕ್ಕೆ ಸ್ಥಾನವಿದೆ. ಜೈನ ಮನೆತನಗಳಲ್ಲಿಯೂ ದೇವಸ್ಥಾನಗಳ ನೈವೇದ್ಯದಲ್ಲಿಯೂ ಅದು ವರ್ಜ್ಯವಾಗಿದ್ದರೂ, ಉಳಿದ ಮನೆಗಳು, ಬಿಸಿಯೂಟದ ಅಡುಗೆಕೋಣೆಗಳು ಮತ್ತು ಉಪ್ಪಿನಕಾಯಿ ತಯಾರಿಸುವ ಮಹಿಳಾ ಸಂಘಗಳು ವರ್ಷವಿಡೀ ಬೆಳ್ಳುಳ್ಳಿಯನ್ನು ಸಂಗ್ರಹಿಸಿಡುತ್ತವೆ.

ಬೆಳ್ಳುಳ್ಳಿಯಿಂದ ಬರಬಹುದಾದ ಅಪಾಯ ಎರಡು ಬಗೆಯದು. ಮೊದಲನೆಯದು ಕಣ್ಣಿಗೆ ಕಾಣುವಂಥದು: ಬೂಷ್ಟು, ಕೊಳೆತ, ದುರ್ವಾಸನೆ. ಇದನ್ನು ಕಣ್ಣು, ಕೈ ಮತ್ತು ಮೂಗಿನಿಂದ ಗುರುತಿಸಬಹುದು. ಎರಡನೆಯದು ಕಣ್ಣಿಗೂ ಕಾಣದ, ಮೂಗಿಗೂ ತಿಳಿಯದ ಅಪಾಯ. ಎಣ್ಣೆಯಲ್ಲಿಯೋ ತುಪ್ಪದಲ್ಲಿಯೋ ಮುಳುಗಿಸಿ, ತಂಪಿಲ್ಲದ ಕಡೆ ದಿನಗಟ್ಟಲೆ ಇಟ್ಟ ಬೆಳ್ಳುಳ್ಳಿಯಲ್ಲಿ ಇದು ಹುಟ್ಟುತ್ತದೆ. ಆದುದರಿಂದ ಇಡೀ ಗಡ್ಡೆಯ ವಿಷಯದಲ್ಲಿ ಇಂದ್ರಿಯಗಳನ್ನು ನಂಬಬೇಕು. ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಯ ವಿಷಯದಲ್ಲಿ ತಯಾರಿಸಿದ ವಿಧಾನವನ್ನೂ ದಿನಾಂಕವನ್ನೂ ಮಾತ್ರ ನಂಬಬೇಕು. ಈ ಪಾಠದ ತಿರುಳು ಇಷ್ಟೇ. ಮುಂದಿನ ವಿವರಗಳೆಲ್ಲ ಇದರ ವಿಸ್ತರಣೆ.

1. ಕರಾವಳಿಯ ಮಳೆಗಾಲ ಮತ್ತು ಬೆಳ್ಳುಳ್ಳಿಯ ಸ್ವಭಾವ

ತುಳುವಿನಲ್ಲಿ ಬೊಳ್ಳುಳ್ಳಿ ಎಂದು ಕರೆಯಲ್ಪಡುವ ಈ ಗಡ್ಡೆಯು ನಮ್ಮ ಜಿಲ್ಲೆಯ ಬೆಳೆಯಲ್ಲ. ದೇಶದಲ್ಲಿ ಅತಿ ಹೆಚ್ಚು ಬೆಳ್ಳುಳ್ಳಿ ಬೆಳೆಯುವ ರಾಜ್ಯ ಮಧ್ಯಪ್ರದೇಶ. ಅಲ್ಲಿನ ಮಂದಸೌರ್ ಮತ್ತು ನೀಮಚ್ ಮಾರುಕಟ್ಟೆಗಳು ಪ್ರಸಿದ್ಧವಾದವು. ನಮ್ಮ ರಾಜ್ಯದಲ್ಲಿ ಗದಗ, ಹಾವೇರಿ ಮುಂತಾದ ಬಯಲುಸೀಮೆಯ ಜಿಲ್ಲೆಗಳಲ್ಲಿ ಇದರ ಕೃಷಿಯಿದೆ. ಉತ್ತರ ಭಾರತದ ಹಿಂಗಾರು ಬೆಳೆಯ ಕೊಯ್ಲು ಸಾಮಾನ್ಯವಾಗಿ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮುಗಿಯುತ್ತದೆ. ಅಂದರೆ ಜುಲೈ, ಆಗಸ್ಟ್ ತಿಂಗಳಲ್ಲಿ ಬಿ.ಸಿ. ರೋಡ್, ವಿಟ್ಲ, ಉಜಿರೆ ಅಥವಾ ಮೂಡುಬಿದಿರೆಯ ಅಂಗಡಿಗಳಲ್ಲಿ ನಾವು ಕೊಳ್ಳುವ ಗಡ್ಡೆಯು ನೆಲದಿಂದ ಎದ್ದು ಹಲವು ತಿಂಗಳಾಗಿರುವ ಸಾಧ್ಯತೆಯೇ ಹೆಚ್ಚು.

ಕೊಯ್ಲಿನ ಬಳಿಕ ರೈತರು ಗಡ್ಡೆಯನ್ನು ನೆರಳಿನಲ್ಲಿ ಒಣಗಿಸುತ್ತಾರೆ. ಆಗ ಹೊರಸಿಪ್ಪೆಯು ಕಾಗದದಂತೆ ಒಣಗಿ, ಕುತ್ತಿಗೆ ಬಿಗಿದುಕೊಂಡು, ಒಳಗಿನ ಎಸಳುಗಳಿಗೆ ಕವಚವಾಗುತ್ತದೆ. ಈ ಕವಚ ಒಣಗಿರುವಷ್ಟು ಕಾಲ ಬೆಳ್ಳುಳ್ಳಿ ಸುರಕ್ಷಿತ. ಗಡ್ಡೆಯು ಜೀವಂತ ವಸ್ತು. ಅದು ಉಸಿರಾಡುತ್ತದೆ, ತೇವವನ್ನು ಹೊರಬಿಡುತ್ತದೆ. ಹೊರಬಂದ ತೇವ ಗಾಳಿಯಲ್ಲಿ ಆರಿಹೋಗಬೇಕು. ಆರಲು ಅವಕಾಶವಿಲ್ಲದಿದ್ದರೆ ಅದೇ ತೇವದಲ್ಲಿ ಶಿಲೀಂಧ್ರಗಳು ಬೆಳೆಯುತ್ತವೆ.

ಕೋಣೆಯ ಉಷ್ಣತೆಯಲ್ಲಿ ಇಡುವ ಬೆಳ್ಳುಳ್ಳಿಗೆ ಗಾಳಿಯ ತೇವಾಂಶವು ಶೇ. 70ರ ಒಳಗಿರುವುದು ಉತ್ತಮ. ಆದರೆ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವಾಂಶ ಈ ಮಿತಿಯನ್ನು ಮೀರಿಯೇ ಇರುತ್ತದೆ. ಚಾರ್ಮಾಡಿ ಘಟ್ಟದ ಬುಡದ ಗ್ರಾಮಗಳಲ್ಲಿ ದಿನಗಟ್ಟಲೆ ಬಿಸಿಲೇ ಕಾಣಿಸದು. ಅಡಿಕೆಗೆ ಕೊಳೆರೋಗ ಹರಡಲು ಯಾವ ತೇವ ದಾರಿ ಮಾಡಿಕೊಡುತ್ತದೆಯೋ ಅದೇ ತೇವ ಅಡುಗೆಮನೆಯ ಬೆಳ್ಳುಳ್ಳಿಗೂ ಶತ್ರು. ರೋಗಕಾರಕ ಬೇರೆಯಾದರೂ ದಾರಿ ಒಂದೇ. ಆದ್ದರಿಂದ ಬಯಲುಸೀಮೆಯಲ್ಲಿ ಬೆಳ್ಳುಳ್ಳಿಯನ್ನು ತಿಂಗಳುಗಟ್ಟಲೆ ಗೋಣಿಯಲ್ಲಿಡುವ ಪದ್ಧತಿಯು ನಮ್ಮ ಮಳೆಗಾಲಕ್ಕೆ ಹೊಂದುವುದಿಲ್ಲ.

2. ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

ಸಂಗ್ರಹಣೆಯ ಯಶಸ್ಸು ಕೊಳ್ಳುವಾಗಲೇ ಅರ್ಧ ನಿರ್ಧಾರವಾಗುತ್ತದೆ.

ಗಡ್ಡೆಯನ್ನು ಅಂಗೈಯಲ್ಲಿ ಹಿಡಿದು ಒತ್ತಿ ನೋಡಬೇಕು. ಎಲ್ಲ ಕಡೆಯೂ ಗಟ್ಟಿಯಾಗಿರಬೇಕು. ಗಾತ್ರಕ್ಕೆ ತಕ್ಕ ತೂಕವಿರಬೇಕು. ಹಗುರವಾಗಿದ್ದರೆ ಒಳಗಿನ ಎಸಳು ಒಣಗಿ ಟೊಳ್ಳಾಗಿದೆ ಎಂದರ್ಥ. ಹೊರಸಿಪ್ಪೆ ಒಣಗಿ ಸರಸರ ಸದ್ದು ಮಾಡಬೇಕು. ಮೆತ್ತಗೆ, ತೇವವಾಗಿ ಅಂಟಿಕೊಂಡಿರಬಾರದು. ಬೇರಿನ ಬುಡವನ್ನು ತಿರುಗಿಸಿ ನೋಡಬೇಕು. ಕೊಳೆತವು ಹೆಚ್ಚಾಗಿ ಅಲ್ಲಿಂದಲೇ ಆರಂಭವಾಗುತ್ತದೆ. ಸಿಪ್ಪೆಯ ಮೇಲೆ ನೇರಳೆ ಅಥವಾ ಗುಲಾಬಿ ಗೆರೆಗಳಿದ್ದರೆ ಅದು ದೋಷವಲ್ಲ, ತಳಿಯ ಲಕ್ಷಣ.

ಶಾಲೆ, ಅಂಗನವಾಡಿ ಅಥವಾ ಸಂಘಕ್ಕಾಗಿ ಕಿಲೋಗಟ್ಟಲೆ ಕೊಳ್ಳುವಾಗ ರಾಶಿಯ ಮೇಲಿನದನ್ನು ಮಾತ್ರ ನೋಡದೆ, ಮಧ್ಯದಿಂದಲೂ ತಳದಿಂದಲೂ ಒಂದೊಂದು ಗಡ್ಡೆಯನ್ನು ತೆಗೆದು, ಬಿಡಿಸಿ ಪರೀಕ್ಷಿಸತಕ್ಕದ್ದು. ಮಳೆಗಾಲದಲ್ಲಿ ಒಂದೆರಡು ವಾರಕ್ಕೆ ಬೇಕಾಗುವಷ್ಟನ್ನು ಮಾತ್ರ ಕೊಳ್ಳುವುದು ಲೇಸು.

3. ಇಡೀ ಗಡ್ಡೆಯನ್ನು ಇಡುವ ಕ್ರಮ

(ಅ) ಗಾಳಿ ಆಡಬೇಕು. ಹೆಣೆದ ಬುಟ್ಟಿ, ಬಲೆಚೀಲ ಅಥವಾ ತೂತುಗಳಿರುವ ಪಾತ್ರೆಯಲ್ಲಿ ಒಂದೆರಡು ಪದರ ಮಾತ್ರ ಹರಡಿಡಬೇಕು. ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ತಂದದ್ದನ್ನು ಮನೆ ತಲುಪಿದ ಕೂಡಲೇ ಹೊರತೆಗೆಯಬೇಕು. ಕಟ್ಟಿದ ಪ್ಲಾಸ್ಟಿಕ್ ಚೀಲದ ಒಳಮೈಯಲ್ಲಿ ಬೆವರಿನಂತೆ ಹನಿ ಕಟ್ಟುವುದನ್ನು ಎಲ್ಲರೂ ನೋಡಿರುತ್ತಾರೆ. ಆ ಹನಿಯೇ ಬೂಷ್ಟಿಗೆ ಮೂಲ.

(ಆ) ಎತ್ತರದಲ್ಲಿರಬೇಕು. ನೆಲ ಮತ್ತು ಹೊರಗೋಡೆಗೆ ತಾಗಿಸಿ ಇಡಬಾರದು. ಮಳೆಗಾಲದಲ್ಲಿ ಇವೆರಡೂ ತೇವವನ್ನು ಹೀರಿರುತ್ತವೆ. ಹಿಂದಿನವರು ಅಡುಗೆಮನೆಯ ಮಾಡಿಗೆ ನೆಲುವು ಕಟ್ಟಿ ತೂಗುಹಾಕುತ್ತಿದ್ದುದರಲ್ಲಿಯೂ, ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದುದರಲ್ಲಿಯೂ ಅರ್ಥವಿದೆ. ಒಲೆಯ ಹದವಾದ ಕಾವು ಅಲ್ಲಿನ ಗಾಳಿಯನ್ನು ಒಣಗಿಸುತ್ತದೆ. ಸೌದೆಯ ಒಲೆಯಿಲ್ಲದ ಮನೆಗಳಲ್ಲಿ ಗಾಳಿ ಬೆಳಕು ಬರುವ ಕಿಟಕಿಯ ಸಮೀಪ, ಇರಚಲು ಮತ್ತು ನೇರ ಬಿಸಿಲು ತಾಗದ ಜಾಗದಲ್ಲಿ ತೂಗುಹಾಕಬಹುದು.

(ಇ) ಅತಿಯಾದ ಶಾಖ ಸಲ್ಲದು. ಗ್ಯಾಸ್ ಒಲೆಯ ಪಕ್ಕದಲ್ಲಿ, ತಗಡಿನ ಮಾಡಿಗೆ ತಾಗಿಸಿ, ಅಥವಾ ಕಡುಬಿಸಿಲಿನಲ್ಲಿ ಇಟ್ಟ ಗಡ್ಡೆಯ ಎಸಳು ಒಳಗೊಳಗೇ ಬೆಂದಂತಾಗಿ ಕೆಡುತ್ತದೆ.

(ಈ) ತೊಳೆಯಬಾರದು. ಮಣ್ಣು ಇದ್ದರೆ ಒಣಬಟ್ಟೆಯಿಂದ ಒರೆಸಬೇಕು. ಬಳಸುವ ಹೊತ್ತಿಗೆ ಮಾತ್ರ ನೀರು ಮುಟ್ಟಿಸಬೇಕು.

(ಉ) ಇಡೀ ಗಡ್ಡೆಯನ್ನು ಫ್ರಿಡ್ಜಿನಲ್ಲಿ ಇಡುವುದು ಪ್ರಯೋಜನಕರವಲ್ಲ. ಶೀತಲಗೃಹಗಳಲ್ಲಿ 0 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿ, ಒಣ ಗಾಳಿಯಲ್ಲಿ ಬೆಳ್ಳುಳ್ಳಿ ಆರು ತಿಂಗಳಿಗೂ ಹೆಚ್ಚು ಬಾಳುವುದು ನಿಜ. ಆದರೆ ಮನೆಯ ಫ್ರಿಡ್ಜಿನ ಉಷ್ಣತೆ 4ರಿಂದ 10 ಡಿಗ್ರಿಯವರೆಗೆ ಇರುತ್ತದೆ. ಬೆಳ್ಳುಳ್ಳಿಗೆ ಮೊಳಕೆಯೊಡೆಯಲು ಹಿತವಾದ ತಂಪು ಅದೇ. ಅಲ್ಲಿಂದ ಹೊರತೆಗೆದ ಗಡ್ಡೆ ಬೇಗನೆ ಚಿಗುರುತ್ತದೆ.

(ಊ) ಬಿಡಿಸಿದ ಗಡ್ಡೆಯನ್ನು ಮೊದಲು ಬಳಸಬೇಕು. ಹೊರಕವಚ ಒಡೆದ ಗಡ್ಡೆಯ ಎಸಳು, ಸುಲಿಯದಿದ್ದರೂ, ಸುಮಾರು ಹತ್ತು ದಿನಗಳಲ್ಲಿ ಸೊರಗತೊಡಗುತ್ತದೆ. ವಾರಕ್ಕೊಮ್ಮೆ ಬುಟ್ಟಿಯನ್ನು ಬರಿದುಮಾಡಿ, ಕೆಟ್ಟದ್ದನ್ನು ಆಯ್ದು ಎಸೆದು, ಬುಟ್ಟಿಯನ್ನು ಒಣಗಿಸಿ ಮತ್ತೆ ತುಂಬಬೇಕು. ಒಂದು ಕೊಳೆತ ಗಡ್ಡೆ ಪಕ್ಕದ್ದನ್ನೂ ಕೆಡಿಸುತ್ತದೆ.

(ಋ) ಗೋಣಿಚೀಲದ ವಿಷಯದಲ್ಲಿ ಎಚ್ಚರ. ನಮ್ಮದು ಅಡಿಕೆ ತೋಟಗಳ ಊರು. ಬೋರ್ಡೋ ದ್ರಾವಣಕ್ಕಾಗಿ ತಂದ ಮೈಲುತುತ್ತಿನ ಚೀಲ, ರಸಗೊಬ್ಬರದ ಚೀಲ, ಕೀಟನಾಶಕ ಇಟ್ಟಿದ್ದ ಬುಟ್ಟಿ ಇವುಗಳನ್ನು ಎಷ್ಟೇ ಕೊಡವಿದರೂ, ತೊಳೆದರೂ ಆಹಾರ ಪದಾರ್ಥಕ್ಕೆ ಬಳಸತಕ್ಕದ್ದಲ್ಲ. ಅಕ್ಕಿ, ಬೇಳೆಗಳ ದಾಸ್ತಾನು ಕೋಣೆಯಲ್ಲಿ ಹುಳ ಕೊಲ್ಲುವ ಮಾತ್ರೆ ಅಥವಾ ನುಸಿಗುಳಿಗೆ ಇಟ್ಟಿದ್ದರೆ ಬೆಳ್ಳುಳ್ಳಿಯನ್ನು ಅಲ್ಲಿ ಇಡಬಾರದು.

4. ಕೆಟ್ಟದ್ದನ್ನು ಗುರುತಿಸುವ ಲಕ್ಷಣಗಳು

ಬೆಳ್ಳುಳ್ಳಿಯ ಘಾಟು ಬಲವಾದದ್ದು. ಕಾದ ಎಣ್ಣೆಗೆ ಬಿದ್ದ ಮೇಲೆ ಕೆಟ್ಟ ಎಸಳಿನ ವಾಸನೆಯೂ ಒಗ್ಗರಣೆಯ ಪರಿಮಳದಲ್ಲಿ ಅಡಗಿಹೋಗುತ್ತದೆ. ಆದುದರಿಂದ ಪರೀಕ್ಷೆಯು ಸುಲಿಯುವ ಹೊತ್ತಿನಲ್ಲಿಯೇ, ಎಸಳು ಎಸಳಾಗಿ ನಡೆಯಬೇಕು. ಕೆಲವು ಶಿಲೀಂಧ್ರಗಳು ಉಂಟುಮಾಡುವ ವಿಷವು ಬೇಯಿಸಿದರೂ ನಾಶವಾಗದು. ‘ಹೇಗೂ ಬೇಯುತ್ತದಲ್ಲ’ ಎಂಬ ಸಮಾಧಾನ ಇಲ್ಲಿ ಸಲ್ಲದು.

ಬಳಸಬಹುದಾದವು:

ಹಸಿರು ಮೊಳಕೆ: ಎಸಳಿನ ನಡುವೆ ಹಸಿರು ಕುಡಿ ಮೂಡಿದ್ದರೆ ಅದು ವಿಷವಲ್ಲ. ಗಡ್ಡೆಯ ವಿಶ್ರಾಂತಿ ಕಾಲ ಮುಗಿಯಿತೆಂಬುದರ ಸೂಚನೆ ಮಾತ್ರ. ಕುಡಿ ತುಸು ಕಹಿ. ಬೇಡವೆನಿಸಿದರೆ ತೆಗೆದುಹಾಕಿ, ಗಟ್ಟಿಯಾಗಿರುವ ಎಸಳನ್ನು ಬಳಸಬಹುದು. ಮೊಳೆತವು ಹೆಚ್ಚು ದಿನ ಬಾಳವು.

ನೀಲಿ ಅಥವಾ ಹಸಿರು ಬಣ್ಣಕ್ಕೆ ತಿರುಗುವಿಕೆ: ಲಿಂಬೆರಸಕ್ಕೋ ವಿನೆಗರಿಗೋ ಹಾಕಿದ ಎಸಳು, ಅಥವಾ ಅರೆದಿಟ್ಟ ಪೇಸ್ಟು ಕೆಲವೊಮ್ಮೆ ನೀಲಿಹಸಿರು ಬಣ್ಣ ತಾಳುತ್ತದೆ. ಬೆಳ್ಳುಳ್ಳಿಯ ಗಂಧಕದ ಸಂಯುಕ್ತಗಳು ಮತ್ತು ಅಮೈನೋ ಆಮ್ಲಗಳು ಹುಳಿಯ ಸಾನ್ನಿಧ್ಯದಲ್ಲಿ ಕೂಡುವುದರಿಂದ ಹೀಗಾಗುತ್ತದೆ. ಇದು ಕೆಟ್ಟದ್ದರ ಗುರುತಲ್ಲ. ಬಣ್ಣವು ಎಸಳಿನ ಒಳಗೆ ವ್ಯಾಪಿಸಿದ್ದು, ಮೇಲ್ಮೈ ನುಣುಪಾಗಿದ್ದರೆ ರಾಸಾಯನಿಕ ಬದಲಾವಣೆ. ಬಣ್ಣವು ಮೇಲ್ಮೈಯಲ್ಲಿ ಪುಡಿಯಂತೆ ಅಥವಾ ಹತ್ತಿಯಂತೆ ಕುಳಿತಿದ್ದರೆ ಬೂಷ್ಟು. ಈ ವ್ಯತ್ಯಾಸವನ್ನು ಚೆನ್ನಾಗಿ ನೆನಪಿಡಬೇಕು.

ಸಣ್ಣ ಒಣ ಕಲೆ: ಗಟ್ಟಿಯಾದ ಎಸಳಿನ ಮೇಲೆ ಪೆಟ್ಟು ಬಿದ್ದ ಒಂದು ಸಣ್ಣ ಒಣ ಕಲೆಯಿದ್ದು, ಬೂಷ್ಟಾಗಲೀ ಮೆತ್ತಗಾಗಿರುವುದಾಗಲೀ ಇಲ್ಲದಿದ್ದರೆ, ಆ ಭಾಗವನ್ನು ಧಾರಾಳವಾಗಿ ಕತ್ತರಿಸಿ ಉಳಿದದ್ದನ್ನು ಬಳಸಬಹುದು.

ಎಸೆಯಬೇಕಾದವು:

ನೀಲಿಹಸಿರು ಬೂಷ್ಟು: ಪೆನಿಸಿಲಿಯಂ ಜಾತಿಯ ಶಿಲೀಂಧ್ರದಿಂದ ಬರುವಂಥದು. ಮೊದಲು ಬಿಳಿಯಾಗಿ ಕಂಡು, ಅನಂತರ ನೀಲಿಹಸಿರು ಪುಡಿಯಾಗುತ್ತದೆ. ಬೂಷ್ಟು ತಾಗಿದ ಎಸಳನ್ನು ಕತ್ತರಿಸಿ ಉಳಿಸಿಕೊಳ್ಳಲು ಯತ್ನಿಸದೆ ಪೂರ್ತಿಯಾಗಿ ಎಸೆಯಬೇಕು. ಎರಡಕ್ಕಿಂತ ಹೆಚ್ಚು ಎಸಳಿಗೆ ಹರಡಿದ್ದರೆ ಇಡೀ ಗಡ್ಡೆಯನ್ನು ಎಸೆಯಬೇಕು.

ಕಪ್ಪು ಪುಡಿ: ಸಿಪ್ಪೆಗಳ ನಡುವೆ ಮಸಿಯಂತೆ ಕಾಣುವ ಆಸ್ಪರ್ಜಿಲಸ್ ಜಾತಿಯ ಶಿಲೀಂಧ್ರ. ಮಕ್ಕಳಿಗೂ ಗರ್ಭಿಣಿಯರಿಗೂ ಅಡುಗೆ ಮಾಡುವ ಕಡೆ ಇಂಥ ಗಡ್ಡೆಯನ್ನು ಬಳಸದಿರುವುದೇ ಕ್ರಮ. ಸುಲಿಯುವಾಗ ಪುಡಿ ಹಾರಿ ಉಸಿರಿಗೆ ಸೇರದಂತೆಯೂ ಎಚ್ಚರವಹಿಸಬೇಕು.

ಮೇಣದಂತಾದ ಎಸಳು: ಬಿಳಿಯ ಎಸಳು ಹಳದಿಗೆ ತಿರುಗಿ, ಅರೆಪಾರದರ್ಶಕವಾಗಿ, ಮೇಣದಂತೆ ಅಂಟಾಗುವುದು. ಅತಿ ಶಾಖ ಅಥವಾ ಗಾಳಿಯ ಕೊರತೆಯಿಂದ ಹೀಗಾಗುತ್ತದೆ. ಹೊರಗಿನಿಂದ ಗಡ್ಡೆ ಚೆನ್ನಾಗಿಯೇ ಕಾಣುವುದರಿಂದ ಸುಲಿದ ಮೇಲೆಯೇ ಇದು ತಿಳಿಯುವುದು.

ಮೆತ್ತಗಾಗಿ ಲೋಳೆ ಬಂದದ್ದು: ಒತ್ತಿದರೆ ಕುಸಿಯುವ, ನೀರು ಒಸರುವ, ಹುಳಿಯಾದ ಕೊಳೆತ ವಾಸನೆಯ ಎಸಳು. ಇಡೀ ಗಡ್ಡೆಯನ್ನು ಎಸೆದು, ಕೈ, ಚೂರಿ, ಮಣೆಗಳನ್ನು ಸೋಪಿನಿಂದ ತೊಳೆಯಬೇಕು.

ಒಣಗಿ ಕಂದಾಗಿ ಟೊಳ್ಳಾದದ್ದು: ಬಹುಕಾಲದ ಸಂಗ್ರಹದಿಂದ, ಒಣಕೊಳೆಯಿಂದ ಅಥವಾ ಕಣ್ಣಿಗೆ ಸುಲಭವಾಗಿ ಕಾಣದ ನುಸಿಗಳಿಂದ ಹೀಗಾಗುತ್ತದೆ. ರುಚಿಯೂ ಇಲ್ಲ, ಸತ್ವವೂ ಇಲ್ಲ.

ಕೆಟ್ಟ ಬೆಳ್ಳುಳ್ಳಿಯನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ದನಕ್ಕೆ ಕೊಡುವ ಅಕ್ಕಚ್ಚಿಗೂ ಕೋಳಿಯ ಮೇವಿಗೂ ಸೇರಿಸಬಾರದು.

5. ಸುಲಿದ ಎಸಳು ಮತ್ತು ಪೇಸ್ಟು

ಸಿಪ್ಪೆ ತೆಗೆದ ಕ್ಷಣದಿಂದ ಬೆಳ್ಳುಳ್ಳಿಯ ರಕ್ಷಣೆ ನಮ್ಮ ಹೊಣೆ. ಸುಲಿದ ಎಸಳನ್ನು ಒಣ ಡಬ್ಬಿಯಲ್ಲಿ ಹಾಕಿ ಫ್ರಿಡ್ಜಿನಲ್ಲಿಟ್ಟು ಒಂದು ವಾರದೊಳಗೆ ಮುಗಿಸಬೇಕು. ಫ್ರಿಡ್ಜ್ ಇಲ್ಲದ ಕಡೆ ಆಯಾ ದಿನಕ್ಕೆ ಬೇಕಾದಷ್ಟನ್ನೇ ಸುಲಿಯುವುದು ಉತ್ತಮ.

ಶುಂಠಿ ಬೆಳ್ಳುಳ್ಳಿ ಪೇಸ್ಟನ್ನು ಅರೆದಿಟ್ಟುಕೊಳ್ಳುವ ರೂಢಿ ಈಗ ಹಳ್ಳಿಗಳಲ್ಲಿಯೂ ಇದೆ. ಅರೆಯುವಾಗ ಉಪ್ಪು ಮತ್ತು ಲಿಂಬೆರಸ ಅಥವಾ ವಿನೆಗರ್ ಸೇರಿಸಿ, ಫ್ರಿಡ್ಜಿನಲ್ಲಿಟ್ಟು, ಮೂರು ನಾಲ್ಕು ದಿನದೊಳಗೆ ಬಳಸಿ ಮುಗಿಸಬೇಕು. ಹೆಚ್ಚು ಕಾಲ ಬೇಕಿದ್ದರೆ ಐಸ್ ತಟ್ಟೆಯಲ್ಲಿ ಸಣ್ಣ ಸಣ್ಣ ಗಟ್ಟಿಗಳಾಗಿ ಹೆಪ್ಪುಗಟ್ಟಿಸಿ, ಬೇಕಾದಾಗ ಒಂದೊಂದನ್ನೇ ತೆಗೆಯಬಹುದು.

ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ವಿದ್ಯುತ್ ನಿಲ್ಲುವುದು ನಮ್ಮಲ್ಲಿ ಸಾಮಾನ್ಯ. ಬಾಗಿಲು ತೆರೆಯದ ಫ್ರಿಡ್ಜ್ ಸುಮಾರು 4 ಗಂಟೆಗಳ ಕಾಲ ತಂಪನ್ನು ಉಳಿಸಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ವಿದ್ಯುತ್ ಇಲ್ಲದಿದ್ದರೆ ಒಳಗಿದ್ದ ಪೇಸ್ಟನ್ನೂ ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಯನ್ನೂ ಉಳಿಸಿಕೊಳ್ಳಬಾರದು.

6. ಕಾಣದ ಅಪಾಯ: ಎಣ್ಣೆಯಲ್ಲಿ ಮುಳುಗಿಸಿದ ಬೆಳ್ಳುಳ್ಳಿ

ಮಣ್ಣಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ರೋಗಾಣುವಿನ ಬೀಜಾಣುಗಳು ಸಹಜವಾಗಿಯೇ ಇರುತ್ತವೆ. ನೆಲದೊಳಗೆ ಬೆಳೆಯುವ ಬೆಳ್ಳುಳ್ಳಿಯ ಮೇಲೆಯೂ ಅವು ಇರಬಹುದು. ಗಾಳಿಯಾಡುವ ಬುಟ್ಟಿಯಲ್ಲಿ ಅವು ನಿದ್ರಿಸುತ್ತವೆ, ಅದರಿಂದ ಕೇಡಿಲ್ಲ. ಅವು ಎಚ್ಚರಗೊಂಡು ವಿಷ ಉತ್ಪಾದಿಸಲು ನಾಲ್ಕು ಅನುಕೂಲಗಳು ಒಟ್ಟಿಗೆ ದೊರೆಯಬೇಕು: ಗಾಳಿಯ ಅಭಾವ, ನೀರಿನಂಶ, ಹುಳಿಯ ಕೊರತೆ ಮತ್ತು ಬೆಚ್ಚಗಿನ ಜಾಗ.

ಹಸಿ ಎಸಳನ್ನು ತೆಂಗಿನೆಣ್ಣೆಯಲ್ಲಿ ಮುಳುಗಿಸಿ ಅಡುಗೆಮನೆಯ ಕಪಾಟಿನಲ್ಲಿಟ್ಟರೆ ನಾಲ್ಕೂ ಒದಗುತ್ತವೆ. ಎಣ್ಣೆ ಗಾಳಿಯನ್ನು ತಡೆಯುತ್ತದೆ, ಎಸಳಿನೊಳಗೆ ನೀರಿದೆ, ಬೆಳ್ಳುಳ್ಳಿಯಲ್ಲಿ ಹುಳಿ ಕಡಿಮೆ, ನಮ್ಮ ಊರಿನ ಕೋಣೆಯ ಉಷ್ಣತೆ ರೋಗಾಣುವಿಗೆ ಹಿತಕರ. ಹೀಗೆ ಹುಟ್ಟುವ ಬಾಟುಲಿಸಂ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ರುಚಿ ನೋಡಿ ಪರೀಕ್ಷಿಸುವುದೇ ಪ್ರಾಣಾಪಾಯಕ್ಕೆ ಕಾರಣವಾಗಬಹುದು.

ಇದು ಬರಿಯ ಊಹೆಯಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರ್ ನಗರದ ಒಂದು ಉಪಾಹಾರಗೃಹದಲ್ಲಿ ಊಟ ಮಾಡಿದ 36 ಮಂದಿ ಈ ರೋಗಕ್ಕೆ ತುತ್ತಾದರು. ಕಾರಣ ಹುಡುಕಿದಾಗ ಸಿಕ್ಕಿದ್ದು ಎಣ್ಣೆಯಲ್ಲಿಟ್ಟು ತಂಪಿಲ್ಲದ ಕಡೆ ಇರಿಸಿದ್ದ ಹೆಚ್ಚಿದ ಬೆಳ್ಳುಳ್ಳಿ. ಅವರ ರೋಗವೇನೆಂಬುದು ತಿಳಿಯುವುದಕ್ಕೇ ಬಹಳ ತಡವಾಯಿತು. 1989ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕಿಂಗ್‌ಸ್ಟನ್ನಿನಲ್ಲಿ ಇದೇ ಬಗೆಯ ಪದಾರ್ಥದಿಂದ ಮತ್ತೆ ಮೂವರು ಅಸ್ವಸ್ಥರಾದರು. ಆ ಬಳಿಕ ಅಲ್ಲಿನ ಆಹಾರ ನಿಯಂತ್ರಣ ಸಂಸ್ಥೆಯು ಇಂಥ ಪದಾರ್ಥಗಳಿಗೆ ಹುಳಿಯ ಅಂಶವನ್ನು ಸೇರಿಸುವುದನ್ನು ಕಡ್ಡಾಯಗೊಳಿಸಿತು.

‘ಎಣ್ಣೆಯನ್ನು ಚೆನ್ನಾಗಿ ಕಾಯಿಸಿದ್ದೇವೆ’ ಎಂಬುದು ಸಾಕಾದ ರಕ್ಷಣೆಯಲ್ಲ. ಎಣ್ಣೆ ಎಷ್ಟೇ ಕಾದರೂ, ಎಸಳಿನೊಳಗೆ ನೀರು ಇರುವಷ್ಟು ಕಾಲ ಅದರ ಒಳಭಾಗದ ಶಾಖ 100 ಡಿಗ್ರಿಯ ಸುಮಾರಿಗೇ ನಿಲ್ಲುತ್ತದೆ. ಬೀಜಾಣುಗಳನ್ನು ಕೊಲ್ಲಲು ಒತ್ತಡದ ಹಬೆಯಲ್ಲಿ 121 ಡಿಗ್ರಿ ಬೇಕು.

ನಮ್ಮ ಮನೆಗಳಲ್ಲಿ ಈ ಅಪಾಯ ಎಲ್ಲಿ ಬರಬಹುದು ಎಂಬುದನ್ನು ಯೋಚಿಸಬೇಕು. ಬಾಣಂತಿಗೆಂದು ತುಪ್ಪದಲ್ಲಿ ಬಾಡಿಸಿದ ಬೆಳ್ಳುಳ್ಳಿಯನ್ನು ಭರಣಿಯಲ್ಲಿ ತುಂಬಿ ದಿನಗಟ್ಟಲೆ ಹೊರಗಿಡುವುದು ಒಂದು. ಹುಣಸೆಯಾಗಲೀ ಲಿಂಬೆಯಾಗಲೀ ಹಾಕದೆ ಎಣ್ಣೆ ತೇಲಿಸಿ ಇಡುವ ಬೆಳ್ಳುಳ್ಳಿ ಚಟ್ನಿ ಇನ್ನೊಂದು. ಬಾಣಂತಿಗೆ ಬೆಳ್ಳುಳ್ಳಿ ಕೊಡಬಾರದೆಂದು ಇಲ್ಲಿ ಹೇಳುತ್ತಿಲ್ಲ; ಅಂದಂದಿನದನ್ನು ಅಂದಂದೇ ಬಾಡಿಸಿ ಕೊಡಬೇಕೆಂಬುದೇ ಸೂಚನೆ. ಹಾಗೆಯೇ ಜೇನಿನಲ್ಲಿ ನೆನೆಸಿದ ಬೆಳ್ಳುಳ್ಳಿಯನ್ನು ಕೆಮ್ಮಿಗೆ ಮದ್ದೆಂದು ಒಂದು ವರ್ಷ ತುಂಬದ ಶಿಶುವಿಗೆ ನೆಕ್ಕಿಸಬಾರದು. ಜೇನಿನಲ್ಲಿ ಇರಬಹುದಾದ ಇದೇ ಬೀಜಾಣುಗಳು ಶಿಶುವಿನ ಎಳೆಯ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡಬಲ್ಲವು.

ಸುರಕ್ಷಿತ ನಿಯಮಗಳು:

(ಅ) ಹಸಿ ಅಥವಾ ಬಾಡಿಸಿದ ಬೆಳ್ಳುಳ್ಳಿಯನ್ನು ಎಣ್ಣೆ ಇಲ್ಲವೆ ತುಪ್ಪದಲ್ಲಿ ಹಾಕಿ ಕೋಣೆಯ ಉಷ್ಣತೆಯಲ್ಲಿ ಸಂಗ್ರಹಿಸಬಾರದು.

(ಆ) ಮನೆಯಲ್ಲಿ ತಯಾರಿಸಿದ್ದನ್ನು ಕೂಡಲೇ ಫ್ರಿಡ್ಜಿನಲ್ಲಿಟ್ಟು 4 ದಿನದೊಳಗೆ ಮುಗಿಸಬೇಕು. ಡಬ್ಬಿಯ ಮೇಲೆ ತಯಾರಿಸಿದ ದಿನಾಂಕವನ್ನು ಬರೆದು ಅಂಟಿಸಬೇಕು. ದಿನಾಂಕವಿಲ್ಲದ ಡಬ್ಬಿಯನ್ನು ಎಸೆಯುವುದೇ ಕ್ರಮ.

(ಇ) ಉಪ್ಪಿನಕಾಯಿಗೆ ಎಸಳನ್ನು ಮೊದಲು ಉಪ್ಪು ಮತ್ತು ಲಿಂಬೆರಸ ಅಥವಾ ವಿನೆಗರಿನಲ್ಲಿ ಮುಳುಗುವಂತೆ ನೆನೆಸಬೇಕು. ಹುಳಿ ಎಸಳಿನ ಒಳಗೆ ಇಳಿದ ಬಳಿಕವೇ ಎಣ್ಣೆ ಮತ್ತು ಮಸಾಲೆ. ಕೊನೆಯಲ್ಲಿ ನಾಲ್ಕು ಹನಿ ಲಿಂಬೆರಸ ಹಿಂಡಿದರೆ ಸಾಲದು.

(ಈ) ಮಾರಾಟಕ್ಕೆ ತಯಾರಿಸುವ ಸಂಘಗಳು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಅನ್ವಯ ನೋಂದಣಿ ಅಥವಾ ಪರವಾನಗಿ ಹೊಂದಿರತಕ್ಕದ್ದು. ಉಪ್ಪಿನಕಾಯಿಯ ಹುಳಿಯ ಪ್ರಮಾಣವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿಕೊಳ್ಳಬೇಕು. ಪಿಎಚ್ ಮೌಲ್ಯ 4.6ಕ್ಕಿಂತ ಕೆಳಗಿದ್ದರೆ ಈ ರೋಗಾಣು ಬೆಳೆಯದು. ಪಿಎಚ್ ಕಡಿಮೆಯಾದಷ್ಟೂ ಹುಳಿ ಹೆಚ್ಚು ಎಂಬುದನ್ನು ಗಮನಿಸಬೇಕು.

(ಉ) ಮುಚ್ಚಳ ಉಬ್ಬಿದ, ತೆರೆದಾಗ ಗಾಳಿ ಚಿಮ್ಮುವ, ಗುಳ್ಳೆ ಏಳುವ ಬಾಟಲಿಯನ್ನು ಬಾಯಿಗೆ ತಾಗಿಸಲೇಬಾರದು. ಇಂಥ ಗುರುತುಗಳಿಲ್ಲದಿದ್ದರೂ ಪದಾರ್ಥ ಸುರಕ್ಷಿತವೆಂದು ತಿಳಿಯಬಾರದು.

7. ರೋಗಲಕ್ಷಣಗಳು ಮತ್ತು ತುರ್ತು ಕ್ರಮ

ವಿಷಾಹಾರ ಸೇವಿಸಿದ ಬಳಿಕ ಸಾಮಾನ್ಯವಾಗಿ 12ರಿಂದ 36 ಗಂಟೆಗಳೊಳಗೆ, ಕೆಲವೊಮ್ಮೆ ಹಲವು ದಿನಗಳ ನಂತರ ಲಕ್ಷಣಗಳು ತೋರುತ್ತವೆ. ಕಣ್ಣು ಮಂಜಾಗುವುದು, ಒಂದು ಎರಡಾಗಿ ಕಾಣುವುದು, ರೆಪ್ಪೆ ಜೋಲುವುದು, ಬಾಯಿ ಒಣಗುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು, ಅನಂತರ ಕೈಕಾಲುಗಳ ಶಕ್ತಿ ಕುಂದಿ ಉಸಿರಾಟ ಕಷ್ಟವಾಗುವುದು ಮುಖ್ಯ ಲಕ್ಷಣಗಳು. ಸಾಮಾನ್ಯವಾಗಿ ಜ್ವರವಿರದು, ರೋಗಿಗೆ ಎಚ್ಚರವಿರುತ್ತದೆ. ಇದನ್ನು ದಣಿವೆಂದೋ ಪಿತ್ತವೆಂದೋ ದೃಷ್ಟಿಯೆಂದೋ ಬಗೆದು ಕಾಲಹರಣ ಮಾಡಬಾರದು.

ಕೂಡಲೇ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಕಳೆದ ನಾಲ್ಕೈದು ದಿನಗಳಲ್ಲಿ ತಿಂದದ್ದನ್ನು, ಮುಖ್ಯವಾಗಿ ಎಣ್ಣೆಯಲ್ಲಿಟ್ಟ ಪದಾರ್ಥಗಳನ್ನು ವೈದ್ಯರಿಗೆ ತಿಳಿಸಬೇಕು. ಉಳಿದ ಪದಾರ್ಥವನ್ನು ಮುಚ್ಚಿ, ಚೀಲದಲ್ಲಿ ಕಟ್ಟಿ, ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಸಿಗದಂತೆ ಪರೀಕ್ಷೆಗಾಗಿ ಕಾದಿರಿಸಬೇಕು. ನುಂಗಲಾಗದ ರೋಗಿಗೆ ನೀರು, ಮಜ್ಜಿಗೆ, ಕಷಾಯ ಯಾವುದನ್ನೂ ಕುಡಿಸಬಾರದು. ಈ ರೋಗಕ್ಕೆ ಪ್ರತಿವಿಷವಿದೆ. ಬೇಗ ಕೊಟ್ಟಷ್ಟೂ ಅದರ ಫಲ ಹೆಚ್ಚು. ಅದೇ ಆಹಾರವನ್ನು ತಿಂದ ಉಳಿದವರ ಮೇಲೆಯೂ ನಿಗಾ ಇಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

8. ಲೆಕ್ಕ ಮತ್ತು ದಾಖಲೆ

ಬೆಳ್ಳುಳ್ಳಿ ಅಗ್ಗದ ವಸ್ತುವಲ್ಲ. 2024ರಲ್ಲಿ ಅದರ ಚಿಲ್ಲರೆ ಬೆಲೆ ಹಲವೆಡೆ ಕಿಲೋಗೆ 400 ರೂಪಾಯಿಯನ್ನು ದಾಟಿತ್ತು. ಬೆಲೆ ಏರಿದಾಗ ಕೆಟ್ಟದ್ದನ್ನೂ ಎಸೆಯಲು ಮನಸ್ಸು ಬಾರದು. ಬೆಲೆ ಇಳಿದಾಗ ಹೆಚ್ಚಾಗಿ ಕೊಂಡಿಡುವ ಆಸೆ ಹುಟ್ಟುತ್ತದೆ. ಎರಡಕ್ಕೂ ಲೆಕ್ಕವೇ ಮದ್ದು.

ಉದಾಹರಣೆಗೆ, ಕಿಲೋಗೆ 200 ರೂಪಾಯಿಯಂತೆ 4 ಕಿಲೋ ಕೊಂಡರೆ ವೆಚ್ಚ 800 ರೂಪಾಯಿ. ತೇವದಿಂದ 1 ಕಿಲೋ ಕೊಳೆತುಹೋದರೆ ಬಳಕೆಗೆ ಸಿಗುವುದು 3 ಕಿಲೋ. ಆಗ ನಿಜವಾದ ಬೆಲೆ ಕಿಲೋಗೆ ಸುಮಾರು 267 ರೂಪಾಯಿ. ಅಗತ್ಯವಿದ್ದ 2 ಕಿಲೋವನ್ನು 230 ರೂಪಾಯಿಯ ದರದಲ್ಲಿ ಕೊಂಡು ಪೂರ್ತಿ ಬಳಸಿದವರಿಗೆ ಇದಕ್ಕಿಂತ ಲಾಭ.

ಸಂಸ್ಥೆಗಳ ಅಡುಗೆಕೋಣೆಗಳಲ್ಲಿ ಒಂದು ಪುಸ್ತಕದಲ್ಲಿ ನಾಲ್ಕು ಅಂಕಣಗಳನ್ನು ಬರೆದಿಟ್ಟರೆ ಸಾಕು: ಕೊಂಡ ದಿನಾಂಕ, ಕೊಂಡ ತೂಕ, ಎಸೆದ ತೂಕ, ಎಸೆದ ಕಾರಣ. ಎರಡು ತಿಂಗಳ ದಾಖಲೆಯನ್ನು ನೋಡಿದರೆ ತಮ್ಮ ಕೋಣೆಯಲ್ಲಿ ಎಷ್ಟು ದಿನಕ್ಕೆ ಬೆಳ್ಳುಳ್ಳಿ ಕೆಡುತ್ತದೆ ಎಂಬುದು ತಾನಾಗಿಯೇ ತಿಳಿಯುವುದು. ಕೆಟ್ಟದ್ದನ್ನು ಎಸೆದುದಕ್ಕಾಗಿ ಅಡುಗೆಯವರನ್ನು ಯಾರೂ ಆಕ್ಷೇಪಿಸಬಾರದು. ಆಕ್ಷೇಪಣೆಗೆ ಹೆದರಿ ಕೆಟ್ಟ ಎಸಳು ಸಾರಿಗೆ ಬೀಳುವುದಕ್ಕಿಂತ ಎಸೆದ ತೂಕ ಪುಸ್ತಕದಲ್ಲಿ ದಾಖಲಾಗುವುದು ಮೇಲು.

ಪುನರವಲೋಕನ ಪ್ರಶ್ನೆಗಳು

ಈ ಪಾಠವನ್ನು ಮಾಸಿಕ ಸಭೆಯಲ್ಲಿ ಒಬ್ಬರು ಓದಿ ಹೇಳಿ, ಕೆಳಗಿನ ಪ್ರಶ್ನೆಗಳನ್ನು ಎಲ್ಲರೂ ಕೂಡಿ ಚರ್ಚಿಸುವುದು. ಸಾಧ್ಯವಿದ್ದರೆ ಮೊಳೆತ, ಬೂಷ್ಟು ಹಿಡಿದ ಮತ್ತು ಮೇಣದಂತಾದ ಒಂದೊಂದು ಗಡ್ಡೆಯನ್ನು ತಂದು ಹೋಲಿಸಿ ತೋರಿಸುವುದು.

1. ಅಂಗಡಿಯಿಂದ ತಂದ ಬೆಳ್ಳುಳ್ಳಿಯನ್ನು ಪ್ಲಾಸ್ಟಿಕ್ ಚೀಲದಿಂದ ಕೂಡಲೇ ಏಕೆ ಹೊರತೆಗೆಯಬೇಕು?
2. ಲಿಂಬೆರಸದಲ್ಲಿ ನೀಲಿಯಾದ ಎಸಳಿಗೂ ನೀಲಿ ಬೂಷ್ಟು ಹಿಡಿದ ಎಸಳಿಗೂ ಇರುವ ವ್ಯತ್ಯಾಸವೇನು?
3. ಇಡೀ ಗಡ್ಡೆಯನ್ನು ಫ್ರಿಡ್ಜಿನಲ್ಲಿಟ್ಟರೆ ಏನಾಗುತ್ತದೆ? ಸುಲಿದ ಎಸಳಿಗೆ ನಿಯಮ ಏಕೆ ಬೇರೆ?
4. ಗಾಳಿಯಾಡುವ ಬುಟ್ಟಿಯಲ್ಲಿ ನಿರಪಾಯವಾಗಿರುವ ಬೀಜಾಣು ಎಣ್ಣೆಯ ಭರಣಿಯಲ್ಲಿ ಅಪಾಯಕಾರಿಯಾಗಲು ಯಾವ ನಾಲ್ಕು ಅನುಕೂಲಗಳು ಕಾರಣ?
5. ಭಾನುವಾರ ತುಪ್ಪದಲ್ಲಿ ಬಾಡಿಸಿ ಹೊರಗಿಟ್ಟ ಬೆಳ್ಳುಳ್ಳಿ ಬುಧವಾರ ಒಳ್ಳೆಯ ಪರಿಮಳವನ್ನೇ ಹೊಂದಿದೆ. ಬಾಣಂತಿಗೆ ಬಡಿಸಬಹುದೇ? ಏಕೆ?
6. ತಮ್ಮ ಅಡುಗೆಕೋಣೆಯಲ್ಲಿ ಬೆಳ್ಳುಳ್ಳಿ ಇಡಲು ಅತ್ಯಂತ ಒಣಗಿರುವ ಜಾಗ ಯಾವುದು? ಈಗ ಅದನ್ನು ಎಲ್ಲಿ ಇಡಲಾಗಿದೆ?

ಐದನೆಯ ಪ್ರಶ್ನೆಗೆ ಉತ್ತರ ‘ಬಡಿಸಬಾರದು’ ಎಂಬುದೊಂದೇ. ಪರಿಮಳವು ಅಲ್ಲಿ ಸಾಕ್ಷಿಯಾಗದು. ಈ ಒಂದು ಮಾತನ್ನು ಪ್ರತಿ ಬಾಣಂತಿಯ ಮನೆಗೂ ಭೇಟಿಯ ವೇಳೆ ತಲುಪಿಸುವಂತೆ ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರನ್ನು ಕೋರಲಾಗಿದೆ.